ವಾಷಿಂಗ್ಟನ್ ಯಾರ ಮನೆಹೆಸರು?

22 ಫೆಬ್ರವರಿ 2025, ಶನಿವಾರ

ಇವತ್ತು ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ. ಇಸವಿ 1732. ಅವನ ಬಗ್ಗೆ ಬರೆಯಬೇಕು ಅಂತ ನನಗೇನೂ ಆಸೆಯಿಲ್ಲ, ಶಾಲೆಯಲ್ಲೇ ಸಾಕಷ್ಟು ಓದಿದ್ದಾಗಿದೆ. ಇಡೀ ವಾರ ನನ್ನ ತಲೆಯಲ್ಲಿ ಕೂತಿರುವುದು ಅವನ ಸರ್‌ನೇಮ್.

ಅಮೆರಿಕದ 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಸರ್‌ನೇಮ್ ಬರೆಸಿದವರು 1,63,036 ಜನ. ಅವರಲ್ಲಿ ನೂರಕ್ಕೆ 90 ಮಂದಿ ಕಪ್ಪು ಜನರು. ಜಾರ್ಜ್‌ಗೋ ಸ್ವಂತ ಮಕ್ಕಳೇ ಇರಲಿಲ್ಲ. ಹಾಗಾದರೆ ಈ ಹೆಸರು ಅಷ್ಟೊಂದು ಮನೆಗಳಿಗೆ ಹೋಗಿದ್ದು ಹೇಗೆ? ಮಾಲೀಕನ ಹೆಸರು ಗುಲಾಮರಿಗೆ ಅಂಟಿಕೊಂಡಿತು ಅಂತ ಒಂದೇ ಮಾತಲ್ಲಿ ಮುಗಿಸಿಬಿಡಬಹುದು. ಆದರೆ ಅದು ಅರ್ಧ ನಿಜ. ಉಳಿದರ್ಧವೇ ಜಾಸ್ತಿ ಚೆನ್ನಾಗಿದೆ.

ಶುರುವಾಗಿದ್ದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರ್ಹಮ್ ಸೀಮೆಯಲ್ಲಿ. 12ನೇ ಶತಮಾನದಲ್ಲಿ ಅಲ್ಲೊಬ್ಬ ವಿಲಿಯಂ ಇದ್ದ. ಹಾರ್ಟ್‌ಬರ್ನ್ ಎಂಬ ಹಳ್ಳಿ ಅವನ ಕೈಯಲ್ಲಿತ್ತು, ಹಾಗಾಗಿ ಅವನು ಹಾರ್ಟ್‌ಬರ್ನಿನ ವಿಲಿಯಂ. ಆಮೇಲೆ ಡರ್ಹಮ್ಮಿನ ಬಿಷಪ್ಪನಿಗೆ ಆ ಹಳ್ಳಿ ಕೊಟ್ಟು ಬದಲಿಗೆ ವೆಸ್ಸಿಂಗ್ಟನ್ ಎಂಬ ಹಳ್ಳಿ ತಗೊಂಡ. ಬಿಷಪ್ಪನ ಜಮೀನುಗಳ ಲೆಕ್ಕ ಬರೆದಿಟ್ಟ 1183ರ ಬೋಲ್ಡನ್ ಬುಕ್ಕಿನಲ್ಲಿ ಈ ಅದಲುಬದಲು ದಾಖಲಾಗಿದೆ. ಕರಾರೂ ಇದೆ: 4 ಪೌಂಡ್ ಕಂದಾಯ, ಜೊತೆಗೆ ಬಿಷಪ್ ದೊಡ್ಡ ಬೇಟೆಗೆ ಹೊರಟಾಗ 4 ಬೇಟೆನಾಯಿಗಳೊಂದಿಗೆ ಹಿಂದೆ ಹೋಗಬೇಕು. ಹಳ್ಳಿ ಬದಲಾದ ಕೂಡಲೇ ವಿಲಿಯಂನ ಹೆಸರೂ ಬದಲಾಯಿತು. ವೆಸ್ಸಿಂಗ್ಟನ್ ಮುಂದೆ ಬಾಯಿಂದ ಬಾಯಿಗೆ ವಾಷಿಂಗ್ಟನ್ ಆಯಿತು.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗೂಬಾಯಿಯವರು ಬಾಳಿ ಬದುಕಿದ್ದೆಲ್ಲ ಹುಬ್ಬಳ್ಳಿಯಲ್ಲಿ, ಅಡ್ಡಹೆಸರು ಮಾತ್ರ ಹಾನಗಲ್. ಒಂದೇ ವ್ಯತ್ಯಾಸ. ವಿಲಿಯಂ ಹಳೇ ಊರಿನ ಹೆಸರು ಕಳಚಿಟ್ಟು ಹೊಸದನ್ನು ಹಾಕಿಕೊಂಡ. ಇಂಗ್ಲೆಂಡಿನಲ್ಲಿ ಆಗಿನ್ನೂ ಸರ್‌ನೇಮ್ ಗಟ್ಟಿಯಾಗಿ ನಿಂತಿರಲಿಲ್ಲ. ಅದು ಗಟ್ಟಿಯಾದ ಮೇಲೆ ಹಳ್ಳಿ ಬದಲಿಸಿದ್ದರೆ ಏನಾಗುತ್ತಿತ್ತೋ! ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಅಂತ ಇರುತ್ತಿತ್ತು. ಎದೆಯುರಿಯ ಮಾತ್ರೆ ಮಾರುವವರಿಗೆ ಹಬ್ಬ.

ಮುಂದೆ ಆ ಹಳ್ಳಿಯಲ್ಲಿ ಮನೆತನದ ಗಂಡು ಸಂತಾನ ನಿಂತುಹೋಯಿತು, ಜಮೀನು ಅಳಿಯಂದಿರ ಕಡೆಗೆ ಹೋಯಿತು. ಅಷ್ಟರಲ್ಲಿ ಕೊಂಬೆಗಳು ಬೇರೆ ಕಡೆ ಹಬ್ಬಿದ್ದವು. ಜಾನ್ ವೆಸ್ಸಿಂಗ್ಟನ್ ಎಂಬುವನು 1416ರಿಂದ 1446ರವರೆಗೆ ಡರ್ಹಮ್ ಮಠದ ಮುಖ್ಯಸ್ಥನಾಗಿದ್ದ. ಇನ್ನೊಂದು ಕೊಂಬೆ ಲ್ಯಾಂಕಶೈರಿನ ವಾರ್ಟನ್‌ಗೆ ಹೋಯಿತು. ಅಲ್ಲಿಂದ ಲಾರೆನ್ಸ್ ಎಂಬ ಚುರುಕು ಮನುಷ್ಯ ದಕ್ಷಿಣಕ್ಕೆ ಇಳಿದು, ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿ, ನಾರ್ಥಾಂಪ್ಟನ್ ಪಟ್ಟಣದ ಮೇಯರ್ ಆದ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಜಮೀನು ಮಾರುತ್ತಿದ್ದ ಕಾಲ ಅದು. ಲಾರೆನ್ಸ್ 1539ರಲ್ಲಿ 324 ಪೌಂಡ್ ಚಿಲ್ಲರೆ ಕೊಟ್ಟು ಸಲ್‌ಗ್ರೇವ್ ಎಂಬಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದ. ಆ ಮನೆ ಈಗ ಮ್ಯೂಸಿಯಂ.

ಕಡಲು ದಾಟಿಸಿದ್ದು ಬಡತನ. ಈ ಲಾರೆನ್ಸನ ವಂಶದಲ್ಲೇ ಮತ್ತೊಬ್ಬ ಲಾರೆನ್ಸ್ ಹುಟ್ಟಿದ. ಎಸೆಕ್ಸ್‌ನ ಪರ್ಲಿ ಎಂಬ ಊರಿನ ಚರ್ಚಿನಲ್ಲಿ ಪಾದ್ರಿ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ, 1643ರಲ್ಲಿ, ಪಾರ್ಲಿಮೆಂಟಿನವರು ಇವನನ್ನು ಕೆಲಸದಿಂದ ತೆಗೆದುಹಾಕಿದರು. ಇವನು ಹೆಂಡದಂಗಡಿಗಳಲ್ಲೇ ಬಿದ್ದಿರುತ್ತಾನೆ ಅನ್ನುವುದು ಆರೋಪ. ಕುಡಿತಕ್ಕಿಂತ ರಾಜನ ಕಡೆಯವನು ಅನ್ನುವುದೇ ನಿಜವಾದ ಸಿಟ್ಟಿರಬೇಕು ಅಂತ ನನಗನ್ನಿಸುತ್ತದೆ. ಮಗ ಜಾನ್‌ಗೆ ಊರಲ್ಲಿ ದಾರಿ ಕಾಣಲಿಲ್ಲ. ಹೊಗೆಸೊಪ್ಪು ತರಲು ಹೊರಟ 'ಸೀ ಹಾರ್ಸ್' ಹಡಗು ಹತ್ತಿದ. 1657ರಲ್ಲಿ ಹಡಗು ವರ್ಜೀನಿಯಾದ ಪೊಟೊಮ್ಯಾಕ್ ನದಿಯಲ್ಲಿ ಮರಳು ದಿಬ್ಬಕ್ಕೆ ಸಿಕ್ಕಿಹಾಕಿಕೊಂಡಿತು. ಹಡಗು ರಿಪೇರಿಯಾಗಿ ವಾಪಸ್ ಹೋಯಿತು, ಜಾನ್ ಅಲ್ಲೇ ಉಳಿದ. ಅಲ್ಲಿನ ಜಮೀನ್ದಾರ ನಥಾನಿಯಲ್ ಪೋಪನ ಮಗಳು ಆನ್‌ಳನ್ನು ಮದುವೆಯಾದ. ಮಾವನಿಂದ 700 ಎಕರೆ ಸಿಕ್ಕಿತು. ಜಾರ್ಜ್ ಈ ಜಾನ್‌ನ ಮರಿಮಗ.

ಈ ಮನೆತನಕ್ಕೆ ಒಂದು ಲಾಂಛನವಿತ್ತು. ಬಿಳಿಯ ಮೇಲೆ ಎರಡು ಕೆಂಪು ಪಟ್ಟಿ, ಮೇಲ್ಗಡೆ ಮೂರು ಕೆಂಪು ನಕ್ಷತ್ರ. ಯಾರ್ಕ್‌ಶೈರಿನ ಸೆಲ್ಬಿ ಚರ್ಚಿನ ಹಳೇ ಗಾಜಿನ ಕಿಟಕಿಯಲ್ಲಿ ಅದನ್ನು ಈಗಲೂ ನೋಡಬಹುದು. 1938ರಿಂದ ಅದೇ ಚಿತ್ರ ವಾಷಿಂಗ್ಟನ್ ನಗರದ ಬಾವುಟ.

ಇನ್ನು ನನಗೆ ಎಲ್ಲರಿಗಿಂತ ಇಷ್ಟವಾದ ವಾಷಿಂಗ್ಟನ್. ಅವನು ಹ್ಯಾರಿ.

ಹ್ಯಾರಿ ಹುಟ್ಟಿದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನದಿಯ ಸೀಮೆಯಲ್ಲಿ, 1740ರ ಸುಮಾರಿಗೆ. ಹಿಡಿದು ಹಡಗಿಗೆ ಹಾಕಿ ಅಮೆರಿಕಕ್ಕೆ ತಂದರು. 1763ರಲ್ಲಿ ಜಾರ್ಜ್ ವಾಷಿಂಗ್ಟನ್ ಅವನನ್ನು ಕೊಂಡ. ಗ್ರೇಟ್ ಡಿಸ್ಮಲ್ ಸ್ವಾಂಪ್ ಎಂಬ ದೊಡ್ಡ ಜೌಗು ನೆಲದ ನೀರು ಬಸಿಯುವ ಕೆಲಸಕ್ಕೆ ಹಚ್ಚಿದ. ಆಮೇಲೆ ಜಾರ್ಜ್‌ನ ಸ್ವಂತ ಎಸ್ಟೇಟ್ ಮೌಂಟ್ ವರ್ನನ್‌ನಲ್ಲಿ ಕುದುರೆ ಲಾಯದ ಕೆಲಸ. 1771ರಲ್ಲಿ ಹ್ಯಾರಿ ಓಡಿಹೋದ. ಹಿಡಿಸಲು ಜಾರ್ಜ್ ದುಡ್ಡು ಖರ್ಚು ಮಾಡಿದ, ಕೆಲವೇ ವಾರಗಳಲ್ಲಿ ಹ್ಯಾರಿ ಸಿಕ್ಕಿಬಿದ್ದ.

1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್ ಒಂದು ಘೋಷಣೆ ಹೊರಡಿಸಿದ. ದಂಗೆಕೋರ ಮಾಲೀಕರನ್ನು ಬಿಟ್ಟು ಬಂದು ರಾಜನ ಸೈನ್ಯ ಸೇರಿದ ಗುಲಾಮರಿಗೆ ಬಿಡುಗಡೆ. ಜಾರ್ಜ್ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಸೇನೆ ನಡೆಸುತ್ತಿದ್ದ. ಅವನ ಲಾಯದ ಆಳು ತನ್ನ ಸ್ವಾತಂತ್ರ್ಯಕ್ಕಾಗಿ 1776ರಲ್ಲಿ ಎದುರು ಪಾಳೆಯಕ್ಕೆ ಹೋಗಿ 'ಬ್ಲ್ಯಾಕ್ ಪಯನಿಯರ್ಸ್' ದಳದಲ್ಲಿ ಕಾರ್ಪೊರಲ್ ಆದ.

ಯುದ್ಧ ಮುಗಿದು ಬ್ರಿಟಿಷರು ನ್ಯೂಯಾರ್ಕ್ ಖಾಲಿ ಮಾಡುವ ಹೊತ್ತಿಗೆ, 1783ರ ಮೇನಲ್ಲಿ, ಜಾರ್ಜ್ ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್‌ನನ್ನು ಕಂಡು ನಮ್ಮ ಆಳುಗಳನ್ನು ವಾಪಸ್ ಕೊಡಿ ಅಂದ. ಕಾರ್ಲ್‌ಟನ್ ಒಪ್ಪಲಿಲ್ಲ. ಮಾತು ಕೊಟ್ಟಿದ್ದೇವೆ, ಹೊರಡುವವರ ಹೆಸರೆಲ್ಲ ಬರೆಸಿಡುತ್ತೇವೆ, ಬೇಕಾದರೆ ಪರಿಹಾರದ ಮಾತು ಆಮೇಲೆ ಆಡೋಣ ಅಂದ. ಹಾಗೆ ಬರೆಸಿದ ದಪ್ಪ ಪುಸ್ತಕದಲ್ಲಿ ಸುಮಾರು 3,000 ಜನರ ಹೆಸರಿದೆ. ಅದರಲ್ಲೊಂದು ಹ್ಯಾರಿ ವಾಷಿಂಗ್ಟನ್, ವಯಸ್ಸು 43. ಲಾಯದಲ್ಲಿ ಬರೀ ಹ್ಯಾರಿ ಆಗಿದ್ದವನು ಹಡಗು ಹತ್ತುವಾಗ ಪೂರ್ತಿ ಹೆಸರಿನ ಮನುಷ್ಯ. ಆ ಸರ್‌ನೇಮನ್ನು ಅವನು ಯಾವ ಭಾವದಿಂದ ಬರೆಸಿದನೋ! ಅಭ್ಯಾಸಬಲವೋ, ಗುರುತಿಗೋ, ಒಂಚೂರು ತಮಾಷೆಯೋ.

ಹಡಗು ಅವನನ್ನು ಕೆನಡಾದ ನೋವಾ ಸ್ಕೋಷಿಯಾಗೆ ಒಯ್ಯಿತು. ಬರ್ಚ್‌ಟೌನ್ ಎಂಬಲ್ಲಿ ಕಲ್ಲು ನೆಲ, ಕೊರೆಯುವ ಚಳಿ, ಹೊಟ್ಟೆಗೆ ಸಾಲದ ಬೆಳೆ. 1792ರ ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್ ಬಂದರಿನಿಂದ 15 ಹಡಗುಗಳಲ್ಲಿ ಸುಮಾರು 1,200 ಕಪ್ಪು ಜನರು ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟರು. ಹ್ಯಾರಿಯೂ ಹೆಂಡತಿ ಜೆನ್ನಿಯೂ ಅವರಲ್ಲಿದ್ದರು. ಹಿಡಿದು ತಂದಿದ್ದ ಖಂಡಕ್ಕೇ ಐವತ್ತರ ವಯಸ್ಸಲ್ಲಿ ವಾಪಸ್, ಈ ಸಲ ಇಂಗ್ಲಿಷ್ ಸರ್‌ನೇಮ್ ಹೊತ್ತುಕೊಂಡು. ಇವರೆಲ್ಲ ಸೇರಿ ಕಟ್ಟಿದ ಊರೇ ಫ್ರೀಟೌನ್.

ಇಲ್ಲೊಂದು ಅಡ್ಡಮಾತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್‌ಗೆ ಸೋತ ಬ್ರಿಟಿಷ್ ಜನರಲ್ ಯಾರು? ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ 1791ರ ಮಾರ್ಚಿನಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದ. ಹ್ಯಾರಿಯ ಹಡಗುಗಳು ಅಟ್ಲಾಂಟಿಕ್ ದಾಟುತ್ತಿದ್ದ ವಾರಗಳಲ್ಲೇ ಅವನು ಶ್ರೀರಂಗಪಟ್ಟಣದ ಮುಂದೆ ಕೂತು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತಗೊಂಡ. ಅಲ್ಲಿ ಸೋತವನು ಇಲ್ಲಿ ಗೆದ್ದ. ಶಾಲೆಯ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪಾಠ ಆಗಿದ್ದವು.

ಫ್ರೀಟೌನ್‌ನಲ್ಲೂ ಹ್ಯಾರಿಗೆ ನೆಮ್ಮದಿ ಸಿಗಲಿಲ್ಲ. ಜಮೀನು ಪುಕ್ಕಟೆ ಅಂತ ಹೇಳಿ ಕರೆತಂದಿದ್ದ ಸಿಯೆರಾ ಲಿಯೋನ್ ಕಂಪನಿ ಆಮೇಲೆ ತೆರಿಗೆ ಕೇಳಿತು. ಜನ ಕೊಡಲ್ಲ ಅಂದರು. 1800ರಲ್ಲಿ ಬಂಡಾಯವೇ ಆಯಿತು. ಜಮೈಕಾ ಮೂಲದ ಮರೂನರನ್ನು, ಅಂದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ನೆಲೆಸಿದ್ದವರ ವಂಶದವರನ್ನು, ಹೊತ್ತ ಹಡಗು ಆಗಷ್ಟೇ ಬಂದು ತಲುಪಿತ್ತು. ಅವರನ್ನೇ ಬಳಸಿ ಕಂಪನಿ ಬಂಡಾಯ ಅಡಗಿಸಿತು. ಹ್ಯಾರಿ ವಾಷಿಂಗ್ಟನ್‌ನನ್ನೂ ಹಿಡಿದು ವಿಚಾರಣೆ ಮಾಡಿ, ಬುಲಮ್ ತೀರಕ್ಕೆ ಗಡಿಪಾರು ಮಾಡಿದರು. ಹೇಳದೆ ಕೇಳದೆ ತೆರಿಗೆ ಹಾಕುತ್ತೀರಾ ಅಂತ ಬ್ರಿಟಿಷರ ಮೇಲೆ ಎದ್ದು ಗೆದ್ದ ವಾಷಿಂಗ್ಟನ್ ಹಿಂದಿನ ಡಿಸೆಂಬರಿನಲ್ಲಷ್ಟೇ ತೀರಿಹೋಗಿದ್ದ. ಅದೇ ತಕರಾರು ಎತ್ತಿದ ಇನ್ನೊಬ್ಬ ವಾಷಿಂಗ್ಟನ್‌ಗೆ ಸಿಕ್ಕಿದ್ದು ಗಡಿಪಾರು. ಮೊದಲನೆಯವನ ಮುಖ ಒಂದು ಡಾಲರ್ ನೋಟಿನ ಮೇಲಿದೆ.

ಈಗ ಆ ನೂರಕ್ಕೆ 90ರ ವಿಷಯ. ಜಾರ್ಜ್ ಸತ್ತಾಗ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವನ ಸ್ವಂತದವರು 123, ಉಳಿದವರಲ್ಲಿ ಜಾಸ್ತಿ ಜನ ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು. ತನ್ನವರನ್ನು ಬಿಡುಗಡೆ ಮಾಡುವಂತೆ ಜಾರ್ಜ್ ಉಯಿಲು ಬರೆದಿದ್ದ. ಯುದ್ಧದುದ್ದಕ್ಕೂ ಅವನ ನೆರಳಾಗಿದ್ದ ವಿಲಿಯಂ ಲೀಗೆ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್. ಗಮನಿಸಿ, ಅವನು ಲೀ ಆಗಿಯೇ ಉಳಿದ. ಅದು ಅವನ ಹಿಂದಿನ ಮಾಲೀಕರ ಸರ್‌ನೇಮ್. ಅಂದರೆ ಸರ್‌ನೇಮ್ ಯಾವುದಿರಬೇಕು ಅನ್ನುವುದನ್ನು ಗುಲಾಮರೂ ತಮ್ಮತಮ್ಮಲ್ಲೇ ನಿರ್ಧರಿಸಿಕೊಳ್ಳುತ್ತಿದ್ದರು. ಮಾಲೀಕರ ಲೆಕ್ಕದ ಪುಸ್ತಕಕ್ಕೆ ಅದು ಬೇಕಿರಲಿಲ್ಲ, ಅಷ್ಟೇ.

1865ರಲ್ಲಿ ಗುಲಾಮಗಿರಿ ಹೋದಾಗ ಎಲ್ಲರಿಗೂ ಒಮ್ಮೆಲೇ ಎರಡನೇ ಹೆಸರು ಬೇಕಾಯಿತು. ಕೂಲಿ ಕರಾರಿಗೆ, ಮದುವೆ ದಾಖಲೆಗೆ, ಶಾಲೆಗೆ, 1870ರ ಜನಗಣತಿಗೆ. ವರ್ಜೀನಿಯಾದ ಒಬ್ಬ ಹುಡುಗನ ಕಥೆ ಅವನೇ ದೊಡ್ಡವನಾದ ಮೇಲೆ ಬರೆದಿದ್ದಾನೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಎಲ್ಲ ಮಕ್ಕಳಿಗೂ ಎರಡೆರಡು ಹೆಸರು. ಇವನಿಗೆ ಬುಕರ್ ಅಂತ ಒಂದೇ. ತನ್ನ ಸರದಿ ಬರುವಷ್ಟರಲ್ಲಿ ಯೋಚಿಸಿ, ಹುಟ್ಟಿನಿಂದ ಅದೇ ಹೆಸರು ಅನ್ನುವ ಹಾಗೆ ಆರಾಮಾಗಿ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಅಲ್ಲಿ ಮೊದಲಿದ್ದದ್ದು ಇಲ್ಲಿ ಕೊನೆಗೆ ಬಂತು. ಅದೇ ಹುಡುಗ 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಶುರುವಾದ ಶಾಲೆಯ ಮುಖ್ಯಸ್ಥನಾದ. ಇಡೀ ದೇಶಕ್ಕೆ ಅವರು ಬುಕರ್ ಟಿ. ವಾಷಿಂಗ್ಟನ್.

ಜಾರ್ಜ್‌ನ ಅಣ್ಣತಮ್ಮಂದಿರ ಮಕ್ಕಳ ಎಸ್ಟೇಟುಗಳಿಂದ ಬಂದ ವಾಷಿಂಗ್ಟನ್‌ಗಳೂ ಇರುತ್ತಾರೆ. ಸುಮ್ನೆ ಹೆಸರು ಚೆನ್ನಾಗಿದೆ, ದೇಶದ ಮೊದಲ ಅಧ್ಯಕ್ಷರದು ಅಂತ ಇಟ್ಟುಕೊಂಡವರೂ ಇರುತ್ತಾರೆ. ದೇಶ ನಮ್ಮದೂ ಹೌದು ಅಂತ ಹೇಳಲು ಅದಕ್ಕಿಂತ ಗಟ್ಟಿ ಹೆಸರು ಯಾವುದಿತ್ತು? ಬಿಳಿಯರು ಆ ಹೆಸರನ್ನು ಮಕ್ಕಳಿಗೆ ಮೊದಲ ಹೆಸರಾಗಿ ಇಟ್ಟರು, ಬರಹಗಾರ ವಾಷಿಂಗ್ಟನ್ ಇರ್ವಿಂಗ್ ಥರ. ಕಪ್ಪು ಜನರು ಅದನ್ನು ಮನೆತನವನ್ನೇ ಮಾಡಿಕೊಂಡರು. ಹ್ಯಾರಲ್ಡ್ ವಾಷಿಂಗ್ಟನ್ 1983ರಲ್ಲಿ ಷಿಕಾಗೋದ ಮೊದಲ ಕಪ್ಪು ಮೇಯರ್ ಆದರು. ನಟ ಡೆನ್ಜೆಲ್ ಯಾರಿಗೆ ಗೊತ್ತಿಲ್ಲ? ನನಗೆ ತುಂಬ ಹಿಡಿಸಿದ್ದು ವಾಲ್ಟರ್ ವಾಷಿಂಗ್ಟನ್. ಗುಲಾಮರ ಮರಿಮಗ. 1975ರಲ್ಲಿ ವಾಷಿಂಗ್ಟನ್ ನಗರದ ಚುನಾಯಿತ ಮೇಯರ್. ಅವರ ಕಚೇರಿಯ ಬಾವುಟದ ಮೇಲೆ ಇದ್ದದ್ದು ಅದೇ ಎರಡು ಪಟ್ಟಿ, ಮೂರು ನಕ್ಷತ್ರ.

ಮೊದಲ ಹೆಸರಾಗಿ ಅದು ಇನ್ನೂ ದೂರ ಹೋಗಿದೆ. ಬ್ರೆಜಿಲ್‌ಗೆ 1926ರಿಂದ 1930ರವರೆಗೆ ವಾಷಿಂಗ್ಟನ್ ಲೂಯಿಸ್ ಎಂಬ ಅಧ್ಯಕ್ಷರಿದ್ದರು. ನಮ್ಮ ಪಕ್ಕದ ಚೆನ್ನೈಯಲ್ಲಿ ಪಿ.ಡಿ. ವಾಷಿಂಗ್ಟನ್ ಅಂತ ಒಬ್ಬ ನಿವೃತ್ತ ಸೈನಿಕರಿದ್ದರು. ಕ್ರಿಕೆಟ್ ಹುಚ್ಚು. ಎರಡು ಬೀದಿ ಆಚೆಯ ಬಡ ಹುಡುಗ ಸುಂದರ್ ಆಡುವುದನ್ನು ನೋಡಿ, ಅವನ ಶಾಲೆ ಫೀಸು ಕಟ್ಟಿ, ಪುಸ್ತಕ, ಯೂನಿಫಾರ್ಮ್ ಕೊಡಿಸಿ, ಸೈಕಲ್ಲಿನಲ್ಲಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರು 1999ರಲ್ಲಿ ತೀರಿಕೊಂಡರು. ಅದೇ ವರ್ಷ ಸುಂದರ್‌ಗೆ ಮಗ ಹುಟ್ಟಿದ. ಪದ್ಧತಿಯಂತೆ ಕಿವಿಯಲ್ಲಿ ಹೇಳಿದ ಹೆಸರು ಶ್ರೀನಿವಾಸನ್. ಆಮೇಲೆ ಅಪ್ಪ ಇಟ್ಟಿದ್ದು ವಾಷಿಂಗ್ಟನ್.

ವಾಷಿಂಗ್ಟನ್ ಸುಂದರ್ 2018ರಿಂದ 2021ರವರೆಗೆ ನಮ್ಮ ಆರ್‌ಸಿಬಿಯಲ್ಲೇ ಇದ್ದರು, ಬಿಟ್ಟುಕೊಟ್ಟೆವು. 2024ರ ಅಕ್ಟೋಬರಿನಲ್ಲಿ ಪುಣೆ ಟೆಸ್ಟಿನ ಒಂದೇ ಇನಿಂಗ್ಸಿನಲ್ಲಿ ನ್ಯೂಜಿಲೆಂಡಿನ 7 ವಿಕೆಟ್ ಕಿತ್ತರು. ಈಗ ದುಬೈನಲ್ಲಿ ತಂಡದ ಜೊತೆ ಇದ್ದಾರೆ. ನಾಳೆ ಪಾಕಿಸ್ತಾನದ ಮೇಲೆ ಮ್ಯಾಚ್. ಜಡೇಜಾ, ಅಕ್ಷರ್, ಕುಲದೀಪ್ ಮೂವರೂ ಇರುವಾಗ ಇವರಿಗೆ ಜಾಗ ಸಿಗುವುದು ಕಷ್ಟ ಅಲ್ವಾ? ಆಡಿಸಿದರೆ ಒಳ್ಳೆಯದು. ಎರಡೂವರೆಗೆ ಶುರು, ಅಷ್ಟರೊಳಗೆ ಊಟ ಮುಗಿಸಿಕೊಳ್ಳಬೇಕು.