ಅಪ್ಪನ ಬಳಿ ಕಳೆದ 142 ದಿನಗಳು

2023ರ ನವೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಒರೆಸಿ, ಅದರ ಮೇಲೆ ನನ್ನ ಪಾಸ್‌ಪೋರ್ಟು, ಹಳೆಯ ವಿಮಾನ ಟಿಕೆಟ್‌ಗಳ ಪ್ರತಿಗಳು ಮತ್ತು ಒಂದು ನೋಟ್‌ಪುಸ್ತಕವನ್ನು ಹರಡಿಕೊಂಡು ಕುಳಿತೆ. ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿಗೆ, ಅಂದರೆ ಇಲ್ಲಿರುವ ನಮ್ಮವರೆಲ್ಲ ಐಎಲ್‌ಆರ್ ಎಂದು ಕರೆಯುವ ಅನುಮತಿಗೆ, ನಾನು ಅರ್ಜಿ ಹಾಕಬಹುದಾದ ದಿನ ಇನ್ನು ಮೂರು ತಿಂಗಳಷ್ಟೂ ದೂರವಿರಲಿಲ್ಲ. ಐದು ವರ್ಷಗಳಲ್ಲಿ ಯಾವ ಯಾವ ದಿನ ಈ ದೇಶದಿಂದ ಹೊರಗಿದ್ದೆ ಎಂಬುದನ್ನು ಅರ್ಜಿಯಲ್ಲಿ ಒಂದೂ ಬಿಡದೆ ಬರೆಯಬೇಕು. ಒಂದು ಗಂಟೆಯ ಕೆಲಸ ಎಂದುಕೊಂಡಿದ್ದೆ. ರಾತ್ರಿ ಹನ್ನೊಂದಾದರೂ ಆ ಮೇಜಿನಿಂದ ಏಳಲಾಗಲಿಲ್ಲ.

ನನ್ನ ಹೆಂಡತಿ ಎಂಜಿನಿಯರ್. 2018ರ ಜನವರಿಯಲ್ಲಿ ಟಿಯರ್ 2 ಜನರಲ್ ಎಂಬ ಕೆಲಸದ ವೀಸಾದ ಮೇಲೆ ಇಲ್ಲಿಗೆ ಬಂದವಳು. ಆ ವರ್ಷದ ಕೊನೆಯಲ್ಲಿ ನಮ್ಮ ಮದುವೆಯಾಯಿತು. 2019ರ ಮಾರ್ಚ್ 9ರಂದು ನಾನು ಅವಳ ಡಿಪೆಂಡೆಂಟ್ ಆಗಿ, ಅಂದರೆ ಅವಳ ವೀಸಾವನ್ನು ಅವಲಂಬಿಸಿದ ಸಂಗಾತಿಯಾಗಿ, ಬಂದಿಳಿದೆ. ಅವಳ ಐದು ವರ್ಷ ತುಂಬಿದ ದಿನ ಇಬ್ಬರಿಗೂ ಒಟ್ಟಿಗೇ ಕಾಯಂ ವಾಸ ಸಿಗುತ್ತದೆ ಎಂದು ನಾವಿಬ್ಬರೂ ಬಹಳ ದಿನ ನಂಬಿದ್ದೆವು. ನಿಯಮ ಹಾಗಿಲ್ಲ. ಅವಲಂಬಿತ ಸಂಗಾತಿಯ ಐದು ವರ್ಷಗಳು ಅವನ ಸ್ವಂತ ಐದು ವರ್ಷಗಳು. ಅವನು ಸಂಗಾತಿಯಾಗಿ ಇಲ್ಲಿ ಬಾಳಿದ ಕಾಲದಿಂದ ಅವು ಲೆಕ್ಕಕ್ಕೆ ಬರುತ್ತವೆ, ಹೆಂಡತಿ ಬಂದ ಕಾಲದಿಂದಲ್ಲ. 2023ರ ಜನವರಿಯಲ್ಲಿ ಅವಳು 2,404 ಪೌಂಡ್ ಕಟ್ಟಿ ಕಾಯಂ ನಿವಾಸಿಯಾದಳು. ನಾನು ಅದೇ ತಿಂಗಳು ಆರೋಗ್ಯ ಸೇವೆಯ ಸರ್‌ಚಾರ್ಜ್ ಒಂದಕ್ಕೇ ವರ್ಷಕ್ಕೆ 624ರಂತೆ ಮೂರು ವರ್ಷಕ್ಕೆ 1,872 ಪೌಂಡ್ ತೆತ್ತು, ಇನ್ನೊಮ್ಮೆ ಡಿಪೆಂಡೆಂಟ್ ವೀಸಾವನ್ನೇ ಮುಂದುವರಿಸಿಕೊಂಡೆ. ಒಂದೇ ಮನೆಯಲ್ಲಿ ಒಬ್ಬರಿಗೆ ಅವಧಿಯೇ ಇಲ್ಲದ ವಾಸ, ಇನ್ನೊಬ್ಬರಿಗೆ ದಿನಾಂಕ ಬರೆದ ವಾಸ. ಅದರಿಂದ ನಮ್ಮ ನಡುವೆ ಏನೂ ಬದಲಾಗಲಿಲ್ಲ. ಆದರೆ ಮನೆ ಕೊಳ್ಳುವ ಮಾತು ಬಂದಾಗಲೆಲ್ಲ ಅವಳು 'ನಿಮ್ಮದೂ ಆಗಲಿ' ಎಂದು ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಹೊರಗಿದ್ದ ದಿನಗಳ ಬಗ್ಗೆ ನಾನು ಅಷ್ಟು ಕಾಲ ನಿಶ್ಚಿಂತನಾಗಿದ್ದುದಕ್ಕೆ ಕಾರಣ, ನನಗಿಂತ ಮುಂಚೆ ಬಂದ ಹಿರಿಯ ಸ್ನೇಹಿತರ ಮಾತು. ಒಬ್ಬರು ಡಿಪೆಂಡೆಂಟ್‌ಗಳಿಗೆ ಎರಡೇ ವರ್ಷ ಸಾಕು ಎಂದಿದ್ದರು. ಇನ್ನೊಬ್ಬರು, ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿರಬಾರದೆಂಬ ಮಿತಿಯೆಲ್ಲ ಕೆಲಸದ ವೀಸಾ ಇರುವವರಿಗೆ ಮಾತ್ರ, ಗಂಡನೋ ಹೆಂಡತಿಯೋ ಎಷ್ಟು ದಿನ ಹೊರಗಿದ್ದರೂ ಯಾರೂ ಕೇಳುವುದಿಲ್ಲ ಎಂದು ಧೈರ್ಯ ಹೇಳಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಮ್ಮ ಕಾಲಕ್ಕೆ ನಿಜವಾಗಿದ್ದುದನ್ನೇ ಹೇಳಿದ್ದರು. 2012ರ ಜುಲೈ 9ಕ್ಕೆ ಮುಂಚೆ ಡಿಪೆಂಡೆಂಟ್ ವೀಸಾ ಪಡೆದವರಿಗೆ ಎರಡು ವರ್ಷದ ನಿಯಮವಿತ್ತು, ಆಮೇಲೆ ಅದು ಐದಾಯಿತು. ಸಂಗಾತಿಗಳ ಗೈರುಹಾಜರಿಯನ್ನೂ ಎಣಿಸುವ ನಿಯಮ ಬಂದದ್ದು 2018ರ ಜನವರಿ 11ರಂದು. ನಾನು ಬಂದದ್ದು ಅದರ ನಂತರ. ವಲಸೆಯ ನಿಯಮಗಳ ವಿಷಯದಲ್ಲಿ ಅನುಭವಸ್ಥರ ಮಾತಿಗಿಂತ ಆ ದಿನ ಜಾರಿಯಲ್ಲಿರುವ ನಿಯಮದ ಪಠ್ಯವನ್ನೇ ಓದಬೇಕು ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ನಾಲ್ಕೂವರೆ ವರ್ಷ ಕಳೆದಿತ್ತು.

ಲೆಕ್ಕ ಮಾಡುವುದೂ ಸುಲಭವಾಗಿರಲಿಲ್ಲ. ಬ್ರಿಟನ್ನಿನಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ. ಭಾರತದಲ್ಲಿ ಇಳಿದಾಗ ಒತ್ತಿದ ಮುದ್ರೆಯಲ್ಲಿ ಮರುದಿನದ ತಾರೀಖು ಇರುತ್ತದೆ. ಆದ್ದರಿಂದ ಹೊರಟ ದಿನ ಗೊತ್ತಾಗಬೇಕಾದರೆ ಹಳೆಯ ಇ-ಮೇಲ್‌ಗಳಲ್ಲಿ ಟಿಕೆಟ್ ಹುಡುಕಬೇಕು. ಹಾಗೆ ಹುಡುಕಿ ಬರೆದುಕೊಂಡ ಪ್ರಯಾಣಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದಕ್ಕೆ 2021ರ ಮಾರ್ಚ್ 20ರಂದು ಹೊರಟು ಆಗಸ್ಟ್ 10ರಂದು ಮರಳಿದ್ದೆ. ಎರಡನೆಯದಕ್ಕೆ ಅದೇ ವರ್ಷ ಡಿಸೆಂಬರ್ 18ರಂದು ಹೊರಟು 2022ರ ಜನವರಿ 30ರಂದು ಮರಳಿದ್ದೆ.

ಮೊದಲು ಕ್ಯಾಲೆಂಡರ್ ವರ್ಷಗಳಂತೆ ಕೂಡಿಸಿದೆ. 2021ರಲ್ಲಿ 180ಕ್ಕಿಂತ ಎಷ್ಟೋ ಕಡಿಮೆ, 2022ರಲ್ಲಿ ಇನ್ನೂ ಕಡಿಮೆ. ನೆಮ್ಮದಿಯಿಂದ ಪುಸ್ತಕ ಮುಚ್ಚುವವನಿದ್ದೆ. ಆಗ ನಿಯಮವನ್ನು ತೆರೆದು ಓದುತ್ತಿದ್ದ ಹೆಂಡತಿ, 'ಇಲ್ಲಿ ನೋಡಿ, ಯಾವುದೇ 12 ತಿಂಗಳು ಅಂತ ಇದೆ, ಜನವರಿಯಿಂದ ಡಿಸೆಂಬರ್ ಅಂತ ಅಲ್ಲ' ಎಂದಳು. ಹಾಗಾದರೆ ಮಾರ್ಚ್ 20ರಿಂದ ಮುಂದಿನ ಮಾರ್ಚ್ 19ರವರೆಗಿನ ಹನ್ನೆರಡು ತಿಂಗಳೂ ಒಂದು ಅವಧಿಯೇ, ಮತ್ತು ಎರಡೂ ಪ್ರಯಾಣಗಳು ಪೂರ್ತಿಯಾಗಿ ಅದರೊಳಗೇ ಬೀಳುತ್ತಿದ್ದವು. ಎಣಿಸಿದೆವು: 188. ಹೊರಟ ದಿನ ಮತ್ತು ಬಂದಿಳಿದ ದಿನ ಎಣಿಕೆಗೆ ಸೇರುವುದಿಲ್ಲ, ಪೂರ್ತಿ ಹೊರಗೆ ಕಳೆದ ದಿನಗಳು ಮಾತ್ರ ಸೇರುತ್ತವೆ ಎಂಬುದನ್ನು ಅವಳೇ ಹುಡುಕಿ ತೋರಿಸಿದಳು. ಮತ್ತೆ ಎಣಿಸಿದೆವು. ಮೊದಲ ಪ್ರಯಾಣಕ್ಕೆ 142, ಎರಡನೆಯದಕ್ಕೆ 42. ಒಟ್ಟು 184. ಮಿತಿಗಿಂತ ನಾಲ್ಕು ದಿನ ಹೆಚ್ಚು.

ಬೆರಳು ಮಡಚಿ, ಕ್ಯಾಲೆಂಡರಿನಲ್ಲಿ ಚುಕ್ಕೆಯಿಟ್ಟು, ಮೂರು ಬಗೆಯಲ್ಲಿ ಎಣಿಸಿದರೂ ಆ ನಾಲ್ಕು ಕರಗಲಿಲ್ಲ.

ಆ 142 ದಿನಗಳು ಏನಾಗಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಮಾರ್ಚ್ ನಡುವಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಆಗ ಕೋವಿಡ್ ನಿರ್ಬಂಧಗಳಿದ್ದುದರಿಂದ ಇಂಗ್ಲೆಂಡಿನಿಂದ ಹೊರಗೆ ಹೋಗಬೇಕಾದರೆ ಕಾರಣ ತಿಳಿಸುವ ಘೋಷಣಾ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕಿತ್ತು. ತಂದೆಯ ಗಂಭೀರ ಕಾಯಿಲೆ ಎಂದು ಬರೆದು ಸಹಿ ಹಾಕಿ ಹೊರಟೆ. ಆರು ವಾರಕ್ಕೆ ಮರಳುವ ಟಿಕೆಟ್ ಇತ್ತು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂತು. 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು. ಇಲ್ಲಿ ವಾಸದ ಹಕ್ಕಿರುವವರು ಬರಬಹುದಿತ್ತು, ಆದರೆ ಬಂದವರು ಹತ್ತು ದಿನ ಸರ್ಕಾರ ಗೊತ್ತುಮಾಡಿದ ಹೋಟೆಲಿನಲ್ಲಿರಬೇಕು, ಅದಕ್ಕೆ ಒಬ್ಬರಿಗೆ 1,750 ಪೌಂಡ್. ಆಗಸ್ಟ್ 8ರಂದು ಭಾರತ ಕೆಂಪು ಪಟ್ಟಿಯಿಂದ ಹೊರಬಂತು, 10ರಂದು ನಾನು ಮರಳಿದೆ.

ಕಾಗದದ ಮೇಲೆ ಇಷ್ಟೇ ಕಾಣುತ್ತದೆ. ಆದರೆ ನಾನು ಉಳಿದದ್ದು ಕೆಂಪು ಪಟ್ಟಿಯ ಒಂದೇ ಕಾರಣಕ್ಕಲ್ಲ. ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿ ಕೂರಿಸಿ ಗಂಜಿ ಕುಡಿಸುವುದು, ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು, ಮಧ್ಯಾಹ್ನ ಅವರ ಜೊತೆ ಕುಳಿತು ಅಕ್ಷರ ಹೇಳಿಸುವುದು, ಇವು ನನ್ನ ಕೆಲಸವಾಗಿದ್ದವು. ಜೂನ್ ತಿಂಗಳಲ್ಲಿ ಅವರು ಮೊದಲ ಸಲ 'ನೀರು' ಎಂದರು. ಆಮೇಲೆ ನನ್ನ ಹೆಸರನ್ನು ಅರ್ಧ ಹೇಳಿದರು. ಸಾಲ ಮಾಡಿ ಹೋಟೆಲಿಗೆ ಹಣ ಕಟ್ಟಿದ್ದರೆ ನಾನು ಮೇ ತಿಂಗಳಲ್ಲೇ ಬರಬಹುದಿತ್ತು, ಬರಲು ಮನಸ್ಸಾಗಲಿಲ್ಲ. ಇಲ್ಲಿ ಒಬ್ಬಳೇ ಇದ್ದ ಹೆಂಡತಿ ಒಮ್ಮೆಯೂ ಬಾ ಎಂದು ಒತ್ತಾಯಿಸಲಿಲ್ಲ. ಡಿಸೆಂಬರ್‌ನಲ್ಲಿ ಅಪ್ಪ ಹೋದರು. ನಾನು ತಲುಪಿದಾಗ ಅಂತ್ಯಕ್ರಿಯೆ ಮುಗಿದಿತ್ತು. ಎರಡನೆಯ ಪ್ರಯಾಣದ 42 ದಿನ ಅವರ ಉತ್ತರಕ್ರಿಯೆಗಳಲ್ಲಿ ಮತ್ತು ಅಮ್ಮನ ಜೊತೆಯಲ್ಲಿ ಕಳೆದವು. ಅರ್ಜಿಯ ಭಾಷೆಯಲ್ಲಿ ಈ ಎಲ್ಲ ದಿನಗಳಿಗೂ ಇರುವ ಹೆಸರು ಒಂದೇ, ಗೈರುಹಾಜರಿ. ಆ ರಾತ್ರಿ ನನಗೆ ತಡೆಯಲಾಗದಷ್ಟು ನೋವಾದದ್ದು ಆ ಪದದಿಂದ.

ಮರುದಿನ ವಲಸೆ ಕಾನೂನಿನ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಅವರು ನನ್ನ ಲೆಕ್ಕ ಸರಿಯಾಗಿದೆ ಎಂದು ಒಪ್ಪಿದರು. ನಂತರ ನಾನು ಓದದೆ ಬಿಟ್ಟಿದ್ದ ಮುಂದಿನ ಪ್ಯಾರಾವನ್ನು ಓದಿ ಹೇಳಿದರು. ಕೆಲವು ಕಾರಣಗಳಿಗಾಗಿ ಹೊರಗಿದ್ದ ದಿನಗಳನ್ನು 180ರ ಎಣಿಕೆಗೆ ಹಿಡಿಯಬಾರದು ಎಂದು ನಿಯಮದಲ್ಲೇ ಇದೆ. ಸಾಂಕ್ರಾಮಿಕ ರೋಗದಿಂದ ಪ್ರಯಾಣಕ್ಕೆ ಅಡ್ಡಿಯಾದದ್ದು ಅಂಥ ಒಂದು ಕಾರಣ. ಹತ್ತಿರದ ಬಂಧುವಿನ ಪ್ರಾಣಾಪಾಯದ ಕಾಯಿಲೆ ಅಥವಾ ಮರಣದಂಥ ಅನಿವಾರ್ಯ, ಮರುಕಪಡಬೇಕಾದ ಪರಿಸ್ಥಿತಿ ಇನ್ನೊಂದು. ಪುರಾವೆ ಮಾತ್ರ ಗಟ್ಟಿಯಾಗಿರಬೇಕು. ಹೋಟೆಲಿಗೆ ಹಣ ಕಟ್ಟಿ ಬರಬಹುದಿತ್ತು, ಆದರೂ ಬರಲಿಲ್ಲ ಎಂಬುದನ್ನೂ ಹೇಳಬೇಕೇ ಎಂದು ಕೇಳಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ತಂದೆಯ ಕಾಯಿಲೆಯೇ ಸಾಕಷ್ಟು ದೊಡ್ಡ ಕಾರಣ, ಅದನ್ನು ಕೆಂಪು ಪಟ್ಟಿಯ ಹಿಂದೆ ಅಡಗಿಸಬೇಡಿ ಎಂದರು. ಅವರ ಆ ಸಲಹೆಗೆ ನಾನು ಇಂದಿಗೂ ಋಣಿ.

ಅಮ್ಮನಿಗೆ ಫೋನ್ ಮಾಡಿ ಅಪ್ಪನ ಆಸ್ಪತ್ರೆಯ ಕಾಗದಗಳು ಬೇಕೆಂದು ಕೇಳುವುದು ವಕೀಲರಿಗೆ ಫೋನ್ ಮಾಡಿದಷ್ಟು ಸುಲಭವಾಗಿರಲಿಲ್ಲ. 'ಅವರ ಕಾಗದ ನಿನಗೆ ಯಾಕೆ ಬೇಕಪ್ಪ ಈಗ?' ಎಂದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪನ ಹತ್ರ ಇದ್ದದ್ದಕ್ಕೂ ಲೆಕ್ಕ ಕೊಡಬೇಕಾ?' ಎಂದು ಕೇಳಿದರು. ಎರಡು ದಿನಗಳಲ್ಲಿ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ಮರಣ ಪ್ರಮಾಣಪತ್ರ ಎಲ್ಲದರ ಚಿತ್ರಗಳೂ ಬಂದವು. ಅವುಗಳ ನಡುವೆ ಅಪ್ಪನ ಕಿಸೆಯಲ್ಲಿರುತ್ತಿದ್ದ ಮಾತ್ರೆಗಳ ಚೀಟಿಯ ಚಿತ್ರವೂ ಇತ್ತು. ಅದು ಅರ್ಜಿಗೆ ಬೇಕಾಗಿರಲಿಲ್ಲ. ಅದನ್ನು ನನ್ನ ಬಳಿಯೇ ಇಟ್ಟುಕೊಂಡೆ.

ಉಳಿದ ಪುರಾವೆಗಳಲ್ಲಿ ನನಗೆ ತೊಡಕಾದದ್ದು ನಾವಿಬ್ಬರೂ ಜೊತೆಯಾಗಿ ಬಾಳುತ್ತಿದ್ದೇವೆ ಎಂದು ತೋರಿಸುವುದು. ಮನೆ ಬಾಡಿಗೆಯ ಕರಾರು, ವಿದ್ಯುತ್ತು, ನೀರು, ಎಲ್ಲವನ್ನೂ ಅವಳು ನಾನು ಬರುವ ಮುಂಚೆಯೇ ತನ್ನ ಹೆಸರಿನಲ್ಲಿ ಮಾಡಿಕೊಂಡಿದ್ದಳು. ಆಮೇಲೆ ಬದಲಾಯಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಡಿಪೆಂಡೆಂಟ್ ಆಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಬಂದ ತಿಂಗಳಲ್ಲೇ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ಗಾದರೂ ನಿಮ್ಮ ಹೆಸರು ಸೇರಿಸಿ. ನನ್ನ ನೆರವಿಗೆ ಬಂದದ್ದು ಡಾಕ್ಟರ ಕ್ಲಿನಿಕ್ಕಿನಿಂದ ಬಂದ ಪತ್ರಗಳು, ಬ್ಯಾಂಕಿನ ಸ್ಟೇಟ್‌ಮೆಂಟ್‌ಗಳು ಮತ್ತು ಮತದಾನದ ಕಾರ್ಡುಗಳು. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿ ವಾಸವಿದ್ದರೆ ಮತದಾರರಾಗಬಹುದು. 2019ರ ಡಿಸೆಂಬರ್ 12ರ ಮಹಾಚುನಾವಣೆಯಲ್ಲಿ ನಾನು ಮತ ಹಾಕಿದ್ದೆ. ಕಾಯಂ ವಾಸವಿಲ್ಲದವನಿಗೆ ಈ ದೇಶ ಅಷ್ಟು ಬೇಗ ಮತವನ್ನು ಕೊಟ್ಟದ್ದು ನನಗೆ ಆಗಲೂ ದೊಡ್ಡದೆನಿಸಿತ್ತು.

ಇಂಗ್ಲಿಷ್ ಬಲ್ಲೆನೆಂಬುದಕ್ಕೆ ಪದವಿ ಮತ್ತು ಅದರ ಮೌಲ್ಯಮಾಪನ ಪತ್ರ ಸಾಕಾಯಿತು. ಈ ದೇಶದ ಬದುಕು, ಇತಿಹಾಸಗಳ ಬಗೆಗಿನ 'ಲೈಫ್ ಇನ್ ದಿ ಯುಕೆ' ಪರೀಕ್ಷೆಗೆ 50 ಪೌಂಡ್ ಶುಲ್ಕ, 45 ನಿಮಿಷ, 24 ಪ್ರಶ್ನೆ. 18 ಸರಿಯಿದ್ದರೆ ಪಾಸು. ಡಿಸೆಂಬರ್‌ನಲ್ಲಿ ಬರೆದು ಮುಗಿಸಿದೆ.

ಐದು ವರ್ಷ ತುಂಬುವ 28 ದಿನ ಮುಂಚಿನಿಂದ ಅರ್ಜಿ ಹಾಕಬಹುದು. 2024ರ ಫೆಬ್ರುವರಿ 12, ಸೋಮವಾರ ಸಂಜೆ ಇಬ್ಬರೂ ಕುಳಿತು ಆನ್‌ಲೈನ್ ಅರ್ಜಿ ತುಂಬಿದೆವು. ಹಿಂದಿನ ಅಕ್ಟೋಬರ್‌ನಲ್ಲಿ ಶುಲ್ಕ 2,885 ಪೌಂಡಿಗೆ ಏರಿತ್ತು. ಒಂದೇ ದಿನದಲ್ಲಿ ತೀರ್ಮಾನ ಬೇಕಾದರೆ ಮತ್ತೆ 1,000 ಪೌಂಡ್. ನಮ್ಮಂಥ ಅರ್ಜಿಯನ್ನು ಅಧಿಕಾರಿ ನಿಧಾನವಾಗಿ ಓದಲಿ ಎಂದು ಅದನ್ನು ಬಿಟ್ಟೆವು. ಪ್ರಯಾಣಗಳ ಪಟ್ಟಿಯಲ್ಲಿ ಕಾರಣ ಬರೆಯುವ ಜಾಗ ಬಂದಾಗ ನಾನು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಸುಮ್ಮನೆ ಕುಳಿತೆ. ಹೆಂಡತಿಯೇ ಟೈಪ್ ಮಾಡಿದಳು. ಜೊತೆಗಿನ ಪತ್ರವನ್ನು ಮಾತ್ರ ನಾನೇ ಬರೆದೆ: ಒಟ್ಟು 184 ದಿನ ಎಂದು ಮೊದಲ ಸಾಲಿನಲ್ಲೇ ಹೇಳಿ, ಹೋಟೆಲಿನ ಹಣದ ವಿಷಯವನ್ನೂ ಮುಚ್ಚಿಡದೆ, ನಾನು ಉಳಿದದ್ದು ಅಪ್ಪನಿಗಾಗಿ ಎಂದು ಬರೆದೆ. ಮೂರು ವರ್ಷ ಹಿಂದಿನ ಆ ಘೋಷಣಾ ಪತ್ರ ಸೂಟ್‌ಕೇಸಿನ ಒಳಜೇಬಿನಲ್ಲೇ ಉಳಿದಿತ್ತು. ಅದನ್ನೂ ಸ್ಕ್ಯಾನ್ ಮಾಡಿ ಸೇರಿಸಿದೆವು. ಎರಡು ವಾರದ ನಂತರ ಬೆರಳಚ್ಚು ಮತ್ತು ಫೋಟೊ ಕೊಟ್ಟು ಬಂದೆ.

ಆಮೇಲೆ ಕಾಯುವುದು. ತೀರ್ಮಾನಕ್ಕೆ ಆರು ತಿಂಗಳವರೆಗೆ ಹಿಡಿಯಬಹುದು ಎಂದು ಗೊತ್ತಿತ್ತು. ಆ ಕಾಲದಲ್ಲಿ ದೇಶ ಬಿಟ್ಟರೆ ಅರ್ಜಿ ಏನಾಗುವುದೋ ಎಂಬ ಹೆದರಿಕೆಯಿಂದ, ಅಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗಲೂ ಹೋಗಲಿಲ್ಲ. ಆ ದಿನ ಫೋನಿನಲ್ಲಿ ಅವರ ಜೊತೆ ಬಹಳ ಹೊತ್ತು ಮಾತಾಡಿದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಇ-ಮೇಲ್ ಬಂತು. ಅನುಮತಿ ಸಿಕ್ಕಿತ್ತು. ಪತ್ರವನ್ನು ಎರಡು ಸಲ ಓದಿದೆ. 184ರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ನನ್ನ ಪತ್ರವನ್ನು ಓದಿದವರು ಯಾರೆಂದೂ ಇರಲಿಲ್ಲ. ಓದಿರಬೇಕು. ಹಿಂದೆಯೇ ಅಂಚೆಯಲ್ಲಿ ಬಂದ, ವಾಸದ ಪರವಾನಗಿಯಾದ ಬಿಆರ್‌ಪಿ ಕಾರ್ಡಿನಲ್ಲಿ, ವಾಸಕ್ಕೆ ಅವಧಿಯಿಲ್ಲದಿದ್ದರೂ, ಕಾರ್ಡಿನ ಅವಧಿ 2024ರ ಡಿಸೆಂಬರ್ 31 ಎಂದಿತ್ತು. ಕಾರ್ಡುಗಳ ಬದಲಿಗೆ ಇ-ವೀಸಾ ಬರುತ್ತಿದ್ದುದರಿಂದ ನಮ್ಮಂಥ ಅನೇಕರ ಕಾರ್ಡಿನಲ್ಲೂ ಅದೇ ತಾರೀಖು ಎಂದು ತಿಳಿಯುವವರೆಗೆ ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಸಂಜೆ ಅಮ್ಮನಿಗೆ ಹೇಳಿದೆ. 'ಆಯ್ತಲ್ಲ, ಒಳ್ಳೇದಾಯ್ತು' ಎಂದವರು, 'ಈ ಸಲ ಅಪ್ಪನ ತಿಥಿಗೆ ಬರ್ತೀಯಾ?' ಎಂದು ಕೇಳಿದರು. ಬರುತ್ತೇನೆ ಎಂದೆ. ಎಷ್ಟು ದಿನಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.