ಪರದೆ ಬರೆದ ಹವಾಲ್ದಾರರು

ನಮ್ಮ ಅಜ್ಜ 87 ವರ್ಷ ತುಂಬು ಬಾಳು ಬಾಳಿ 2024ರಲ್ಲಿ ತೀರಿಕೊಂಡರು. ಪ್ರತಿ ವರ್ಷ ಡಿಸೆಂಬರ್ 16ರಂದು ಶಾಲು ಹೊದಿಸಿ ಹಾರ ಹಾಕಲು ಬರುತ್ತಿದ್ದವರು ಅವರನ್ನು ‘1971ರ ವೀರಯೋಧ’ ಎಂದು ಪರಿಚಯಿಸುತ್ತಿದ್ದರು. ಗದುಗಿನ ಬೆಟಗೇರಿಯ ಓಣಿಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಜನ ಅವರನ್ನು ‘ಪರದೆ ಬರೆಯೋ ಹವಾಲ್ದಾರರು’ ಎಂದು ಕರೆಯುತ್ತಿದ್ದರು. ಅವರ ಬಾಳನ್ನು ಹತ್ತಿರದಿಂದ ಕಂಡ ನನಗೆ ಊರು ಕೊಟ್ಟ ಹೆಸರೇ ಹೆಚ್ಚು ಒಪ್ಪಿಗೆಯಾಗುತ್ತದೆ. ಯುದ್ಧ ನಡೆದದ್ದು ಎರಡು ವಾರ. ನಾಟಕಗಳಿಗೆ ಪರದೆ ಬರೆಯುವ ಕೆಲಸ ಅವರ ಕಣ್ಣು ಮಂಜಾಗುವವರೆಗೂ ನಡೆಯಿತು.

ನೇಕಾರರ ಮನೆಯಲ್ಲಿ, ಕುಣಿಮಗ್ಗದ ಸಪ್ಪಳದಲ್ಲಿ ಬೆಳೆದವರು ಅವರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ವೈಭವವನ್ನು ಹಿರಿಯರ ಬಾಯಿಂದ ಕೇಳುತ್ತಲೇ ದೊಡ್ಡವರಾದ ಗದುಗಿನ ಹುಡುಗರಲ್ಲಿ ಅವರೂ ಒಬ್ಬರು. ಮಗ್ಗ ಹೊಟ್ಟೆ ತುಂಬಿಸಲಿಲ್ಲ. ಬೆಳಗಾವಿಗೆ ಹೋಗಿ ಮರಾಠಾ ಲಘು ಪದಾತಿದಳಕ್ಕೆ ಸೇರಿದರು. ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ಇಂದಿಗೂ ‘ಜಿಲ್ಲೆ: ಧಾರವಾಡ’ ಎಂದೇ ಇದೆ, ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

1971ರಲ್ಲಿ ಅವರ ಒಂದನೆಯ ಬಟಾಲಿಯನ್ ಮೇಘಾಲಯದ ಕಡೆಯಿಂದ ಪೂರ್ವ ಪಾಕಿಸ್ತಾನದೊಳಗೆ (ಇಂದಿನ ಬಾಂಗ್ಲಾದೇಶ) ಇಳಿದು, ಬ್ರಹ್ಮಪುತ್ರವನ್ನು ದಾಟಿ, ಜಮಾಲ್‌ಪುರದ ದಕ್ಷಿಣಕ್ಕೆ ಢಾಕಾ ರಸ್ತೆಯನ್ನು ಕಟ್ಟಿಹಾಕಿ ಕುಳಿತಿತ್ತು. ಡಿಸೆಂಬರ್ 10ರ ರಾತ್ರಿ ಊರೊಳಗಿನ ಪಾಕಿಸ್ತಾನಿ ಪಡೆ ಆ ತಡೆಯನ್ನು ಮುರಿದು ಹೊರಬೀಳಲು ಯತ್ನಿಸಿತು. ಬೆಳಗಾಗುವಷ್ಟರಲ್ಲಿ ಜಮಾಲ್‌ಪುರದ ಕಾಳಗ ಮುಗಿದಿತ್ತು. ಮುಂದೆ ಟಾಂಗಾಯಿಲ್ ಬಳಿ ಇಳಿದಿದ್ದ ಪ್ಯಾರಾ ಪಡೆಯನ್ನು ಕೂಡಿಕೊಂಡು ಅವರು ಢಾಕಾದ ದಾರಿ ಹಿಡಿದರು. ಇಷ್ಟನ್ನು ಅಜ್ಜ ಯಾರು ಕೇಳಿದರೂ ಹೇಳುತ್ತಿದ್ದರು. ಆ ರಾತ್ರಿ ತಮ್ಮ ಕಂದಕದ ಮುಂದೆ ಕಂಡದ್ದನ್ನು ಮಾತ್ರ ಅವರು ಮನೆಯ ಯಾರ ಮುಂದೆಯೂ ಬಿಚ್ಚಿ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಅವರ ಪತ್ರಗಳು ನಮ್ಮ ಮನೆಯ ಟ್ರಂಕಿನಲ್ಲಿವೆ. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಓದು ಬರುತ್ತಿರಲಿಲ್ಲ. ಓಣಿಯ ಮಾಸ್ತರರೊಬ್ಬರು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಆದ್ದರಿಂದ ನಾಲ್ಕು ಜನ ಕೇಳಬಹುದಾದ ಮಾತನ್ನು ಅಜ್ಜ ಅಕ್ಷರದಲ್ಲಿ ಬರೆದು, ಆಯಿಯೊಬ್ಬಳಿಗೇ ಸೇರಬೇಕಾದದ್ದನ್ನು ಅಂಚಿನಲ್ಲಿ ಚಿತ್ರವಾಗಿ ಬರೆಯುತ್ತಿದ್ದರು. ಆ ಡಿಸೆಂಬರಿನ ನಂತರ ಬಂದ ಒಂದು ಪತ್ರದಲ್ಲಿ ಊರಿನ ಹೆಸರಿಲ್ಲ, ಬರೀ ‘99 ಎ.ಪಿ.ಓ.’ ಎಂಬ ಸೇನಾ ಅಂಚೆಯ ವಿಳಾಸವಿದೆ, ಅಕ್ಷರದ ಒಕ್ಕಣೆ ‘ಕ್ಷೇಮ’ ಎಂಬಲ್ಲಿಗೆ ಮುಗಿಯುತ್ತದೆ. ಅಂಚಿನಲ್ಲಿ ಒಂದು ತೊಟ್ಟಿಲು, ತೊಟ್ಟಿಲ ಹಗ್ಗಕ್ಕೆ ಕಟ್ಟಿದ ಗಿಲಕಿ, ಬಾಗಿಲಲ್ಲಿ ಬಿಚ್ಚಿಟ್ಟ ಒಂದು ಜೊತೆ ಬೂಟು. ನನ್ನ ಅಪ್ಪ ಹುಟ್ಟಿದ್ದು ಆ ವರ್ಷವೇ. ಅಜ್ಜ ಬರೆದ ಚಿತ್ರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ನಿವೃತ್ತರಾಗಿ ಬಂದ ಮೇಲೆ ಅವರು ಹಳ್ಳಿಯ ನಾಟಕಗಳಿಗೆ ಸೀನ್ಸ್ ಒದಗಿಸುವ ಕೆಲಸ ಹಿಡಿದರು. ಜಾತ್ರೆಗೆ ನಾಟಕವಾಡುವ ತಂಡಗಳು ಪರದೆ, ಸೈಡ್ ವಿಂಗ್, ಝಾಲರಗಳನ್ನು ಬಾಡಿಗೆಗೆ ಒಯ್ಯುವುದು ನಮ್ಮ ಕಡೆ ವಾಡಿಕೆ. ನೇಕಾರರ ಮಗನಾದ ಅವರಿಗೆ ಬಟ್ಟೆ ಗೊತ್ತಿತ್ತು. ನೇಯ್ಗೆ ಸಡಿಲವಿದ್ದರೆ ಬಣ್ಣ ಹಿಂದೆ ಇಳಿಯುತ್ತದೆಂದು ಥಾನನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳುತ್ತಿದ್ದರು. ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು ಆಯಿಯ ಕೆಲಸ. ಸುಣ್ಣದ ಪುಡಿಗೆ ಅಂಟು ಕುದಿಸಿ ಬೆರೆಸಿ ಮೊದಲ ಲೇಪ ಕೊಡುವುದು ಮಕ್ಕಳ ಕೆಲಸ; ಅಂಟು ಕಡಿಮೆಯಾದರೆ ಬಣ್ಣ ಉದುರುತ್ತದೆ, ಹೆಚ್ಚಾದರೆ ಪರದೆಯನ್ನು ಸುತ್ತುವಾಗ ಬಿರಿಯುತ್ತದೆ. ಇದ್ದಿಲು ಹಚ್ಚಿದ ದಾರವನ್ನು ಎಳೆದು ಮೀಟಿ ಬಟ್ಟೆಯ ಮೇಲೆ ಚೌಕದ ಮನೆಗಳನ್ನು ಹಾಕಿಕೊಂಡು, ಅಜ್ಜ ಮೇಲಿನಿಂದ ಕೆಳಗೆ ಬಣ್ಣ ತುಂಬುತ್ತ ಬರುತ್ತಿದ್ದರು. ರಾತ್ರಿ ಊಟವಾದ ಮೇಲೆ ಮನೆಯವರನ್ನೆಲ್ಲ ದೂರ ಕೂಡಿಸಿ, ದೀಪ ಹಿಡಿದು ತೋರಿಸುತ್ತಿದ್ದರು. “ಹಗಲಾಗ ಚಂದ ಕಾಣೋ ಹಸಿರು ದೀಪಕ್ಕ ಕರ್ರಗಾಗ್ತೈತಿ, ನಾಟಕ ನಡಿಯೂದು ರಾತ್ರಿ” ಎನ್ನುತ್ತಿದ್ದರು. ನಾಲ್ಕು ಮಕ್ಕಳ ಓದು, ಇಬ್ಬರು ಹೆಣ್ಣುಮಕ್ಕಳ ಮದುವೆ, ಎಲ್ಲವೂ ಪಿಂಚಣಿಯ ಜೊತೆಗೆ ಈ ಅಂಗಳದ ದುಡಿಮೆಯಿಂದಲೇ ಆದವು.

ಅರಮನೆ, ಬೀದಿ, ಕಾಡು, ಗುಡಿ ಎಲ್ಲರೂ ಬರೆಯುವ ಪರದೆಗಳೇ. ಅಜ್ಜನ ನದಿಯ ಪರದೆ ಮಾತ್ರ ಬೇರೆಯದಾಗಿತ್ತು. ಎರಡು ದಡಗಳ ನಡುವೆ ಒಂದು ಸೇತುವೆ, ದಡದಲ್ಲಿ ಒಂದು ಗುಡಿ ಎಂಬ ರೂಢಿಯನ್ನು ಬಿಟ್ಟು, ಅವರು ಈಚೆ ದಡದಲ್ಲಿ ಒಂದು ದೋಣಿಯನ್ನಷ್ಟೇ ಇಟ್ಟು, ಉಳಿದ ಬಟ್ಟೆಯನ್ನೆಲ್ಲ ನೀರಿಗೆ ಬಿಟ್ಟಿದ್ದರು. ಆಚೆ ದಂಡೆ ಎಲ್ಲಿ ಎಂದು ಜನ ಕೇಳಿದರೆ “ಖರೇ ಹೊಳಿಗೆ ಆಚಿ ದಂಡಿ ಕಾಣೂದಿಲ್ಲ” ಎಂದು ಉತ್ತರ. ತುಂಗಭದ್ರೆಯನ್ನು ಬಲ್ಲ ಮುಂಡರಗಿ ಕಡೆಯ ಜನರಿಗೆ ಇದು ಒಪ್ಪಿಗೆಯಾಗಲು ಸಾಕಷ್ಟು ಕಾಲ ಹಿಡಿಯಿತು. ಆಮೇಲೆ ಅದೇ ಹೆಚ್ಚು ಬೇಡಿಕೆಯ ಪರದೆಯಾಯಿತು.

ಕುರುಕ್ಷೇತ್ರದ ಪರದೆಯಲ್ಲಿ ಅವರು ಹೆಣಗಳನ್ನಾಗಲಿ ಮುರಿದ ರಥಗಳನ್ನಾಗಲಿ ಬರೆಯಲು ಒಪ್ಪುತ್ತಿರಲಿಲ್ಲ. ಬಿಡಾರಗಳ ಸಾಲನ್ನು ಬರೆದು ಕೊಡುತ್ತಿದ್ದರು. ಇದನ್ನು ಭಯವೆಂದೋ ಬೇಸರವೆಂದೋ ಕರೆದವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಶ್ರಾವಣದಲ್ಲಿ ಕುಮಾರವ್ಯಾಸ ಭಾರತದ ವಾಚನಕ್ಕೆ ತಪ್ಪದೆ ಕೂರುತ್ತಿದ್ದ ಅವರು ದ್ರೋಣಪರ್ವ, ಕರ್ಣಪರ್ವಗಳನ್ನು ಬೇರೆಯವರಿಗಿಂತ ಹೆಚ್ಚು ಏಕಾಗ್ರತೆಯಿಂದ ಕೇಳುತ್ತಿದ್ದರು. ಯುದ್ಧದ ಮಾತು ಕೇಳಬೇಕು, ಅದರ ಚಿತ್ರವನ್ನು ಮಕ್ಕಳ ಕಣ್ಣ ಮುಂದೆ ತೂಗುಹಾಕಬಾರದು ಎಂಬುದು ಅವರ ನಿಲುವಾಗಿತ್ತು ಎಂದು ನನ್ನ ನಂಬಿಕೆ. ಗಡಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ಯುದ್ಧವನ್ನು ಹಬ್ಬದಂತೆ ಸಂಭ್ರಮಿಸುವವರನ್ನು ಕಂಡಾಗ, ಆ ನಿಲುವಿನ ಬೆಲೆ ನನಗೆ ಇನ್ನಷ್ಟು ತಿಳಿಯುತ್ತದೆ.

ಫ್ಲೆಕ್ಸ್ ಬಂದ ಮೇಲೆ ಬಾಡಿಗೆ ಇಳಿಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರವೂ ಅವರು ಹಳೆಯ ಪರದೆಗಳಿಗೆ ತೇಪೆ ಹಾಕಿ, ಬಣ್ಣ ಮುಟ್ಟಿಸುತ್ತಲೇ ಇದ್ದರು. ಸುಸ್ಥಿತಿಯಲ್ಲಿರುವ ಪರದೆಗಳು ನಮ್ಮ ಅಟ್ಟದ ಮೇಲಿವೆ. ನಾಟಕವಾಡುವ ಹಳ್ಳಿಯ ತಂಡಗಳಿಗೆ ಈಗಲೂ ಕೊಡುತ್ತೇವೆ, ಬಾಡಿಗೆ ಕೇಳುವುದಿಲ್ಲ. ಅಜ್ಜ ಹಾಕುತ್ತಿದ್ದ ಷರತ್ತುಗಳು ಮಾತ್ರ ಹಾಗೆಯೇ ಇವೆ: ಮಳೆಗೆ ತೋಯಿಸಬಾರದು, ಮಡಚಬಾರದು, ಬಿದಿರಿಗೆ ಸುತ್ತಿಯೇ ಮರಳಿಸಬೇಕು.