ಎಷ್ಟು ಮೀಟರ್ ಬಟ್ಟೆ ತರಲಿ?

ನಮ್ಮ ಮನೆಗೆ ಬಂದವರು ಮಂಚದ ಮೇಲೆ ಕೂತು ಹರಟೆ ಹೊಡೆದು ಏಳುತ್ತಾರೆ. ಬೆಡ್‌ಶೀಟ್ ಅಲ್ಲಾಡಿರುವುದಿಲ್ಲ. ಆಗ ಒಂದು ಮೂಲೆ ಎತ್ತಿ ನೋಡುತ್ತಾರೆ. ಎಲಾಸ್ಟಿಕ್ ಕಂಡ ಕೂಡಲೇ "ಎಲ್ಲಿ ತಗೊಂಡ್ರಿ?" ಅಂತ ಕೇಳುತ್ತಾರೆ. ನಾನೇ ಹೊಲಿದದ್ದು ಅಂದರೆ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ. ಎಷ್ಟು ಮೀಟರ್ ಬಟ್ಟೆ ತರಬೇಕು?

ಮೊನ್ನೆ ಪಕ್ಕದ ಮನೆ ಹುಡುಗಿಯೂ ಇದನ್ನೇ ಕೇಳಿದಳು. "ನಿಮ್ಮ ಹಾಸಿಗೆ ಎಷ್ಟು ದಪ್ಪ ಇದೆ?" ಅಂದೆ. "ಕ್ವೀನ್ ಸೈಜ್ ಅಕ್ಕ" ಅಂದಳು. ಅದಲ್ಲ ಮಾರಾಯ್ತಿ, ದಪ್ಪ ಎಷ್ಟು? ಅವಳು ಕೈಯಲ್ಲಿ ಗೇಣು ಮಾಡಿ ತೋರಿಸಿದಳು.

ಉದ್ದ ಅಗಲ ಎಲ್ಲರ ಬಾಯಲ್ಲೂ ಇರುತ್ತದೆ. ದಪ್ಪವನ್ನು ಯಾರೂ ಅಳೆದಿರುವುದಿಲ್ಲ. ಆದರೆ ಬೆಡ್‌ಶೀಟ್ ಕೂರುವುದೂ ಜಾರುವುದೂ ಅದರ ಮೇಲೆಯೇ. ನಾನು ಹೊಲಿಯಲು ಶುರು ಮಾಡಿದ್ದೂ ಅದಕ್ಕೇ. ನಮ್ಮದು ಊರಲ್ಲಿ ಆಚಾರಿ ಮಾಡಿಕೊಟ್ಟ ಮಂಚ, ಆರೂಕಾಲು ಅಡಿಗೆ ಐದು ಅಡಿ. ಅದರ ಮೇಲೆ 6 ಇಂಚಿನ ತೆಂಗಿನ ನಾರಿನ ಹಾಸಿಗೆ. ಅಂಗಡಿಯಿಂದ ತಂದದ್ದು ದಪ್ಪ ಹಾಸಿಗೆಗೆ ಹೊಲಿದ ಶೀಟು. ನಮ್ಮ ಹಾಸಿಗೆ ಮೇಲೆ ಅದು ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ ಜೋಲುತ್ತಿತ್ತು.

ಲೆಕ್ಕ ಹೇಳುತ್ತೇನೆ. ನಮ್ಮ ಹಾಸಿಗೆ 75 ಇಂಚು ಉದ್ದ, 60 ಇಂಚು ಅಗಲ. ಪ್ರತಿ ಬದಿಗೆ ದಪ್ಪಕ್ಕೆ 6 ಇಂಚು, ಹಾಸಿಗೆಯ ಅಡಿಗೆ ಹೋಗಲು 4 ಇಂಚು, ಅಂಚು ಮಡಚಲು 1 ಇಂಚು. ಒಟ್ಟು 11. ಎರಡು ಬದಿಗೆ 22. ಅಂದರೆ 97 ಇಂಚು ಉದ್ದ, 82 ಇಂಚು ಅಗಲದ ಬಟ್ಟೆ. ಹಾಸಿಗೆ ಮೇಲೆ ಇನ್ನೊಂದು ಮೆತ್ತೆ ಹಾಕಿಕೊಳ್ಳುತ್ತೀರಾದರೆ ಅದನ್ನೂ ಸೇರಿಸಿ ಅಳೆಯಿರಿ. ಹತ್ತಿ ಹಾಸಿಗೆಯಾದರೆ ಅಂಚಿನಲ್ಲಿ ಅಳೆಯಿರಿ. ನಡುವೆ ಅದು ಹೇಗೂ ಕುಸಿದಿರುತ್ತದೆ.

ಈಗ ಬೀರು ತೆಗೆದು ನೋಡಿ. ಗೃಹಪ್ರವೇಶಕ್ಕೋ ಮದುವೆಗೋ ಉಡುಗೊರೆ ಬಂದ ಡಬಲ್ ಬೆಡ್‌ಶೀಟು ಒಂದಾದರೂ ಇರುತ್ತದೆ, ಅಲ್ವಾ? ಸಾಮಾನ್ಯವಾಗಿ ಅದು 90ಕ್ಕೆ 108 ಇಂಚು. ನಮ್ಮಂಥ ಹಾಸಿಗೆಗೆ ಅದೇ ಧಾರಾಳ ಸಾಕು. ಒಂದು ಮೀಟರೂ ತರಬೇಕಾಗಿಲ್ಲ! ನನ್ನ ಉತ್ತರ ಕೇಳಿ ಜನಕ್ಕೆ ಸ್ವಲ್ಪ ನಿರಾಸೆಯಾಗುತ್ತದೆ. ಚಿಕ್ಕಪೇಟೆಗೆ ಹೋಗಲು ಒಂದು ನೆಪ ತಪ್ಪಿತಲ್ಲ.

78ಕ್ಕೆ 72ರ ದೊಡ್ಡ ಹಾಸಿಗೆ, ಅದೂ 10 ಇಂಚು ದಪ್ಪ ಇದ್ದರೆ ಮಾತು ಬೇರೆ. ಆಗ 108 ಇಂಚು ಪನ್ನದ (ಅಗಲದ) ಬಟ್ಟೆಯನ್ನೇ ಹುಡುಕಿ, 3 ಮೀಟರ್ ತನ್ನಿ.

ಹೊಸ ಬಟ್ಟೆಯಾದರೆ ಒಗೆಯದೆ ಕತ್ತರಿ ಮುಟ್ಟಬೇಡಿ. ನನ್ನ ಮೊದಲ ಶೀಟು ಹೀಗೇ ಹಾಳಾಯಿತು. ನೀಲಿ ಹೂವಿನ ಚಂದದ ಕಾಟನ್. ತಂದ ದಿನವೇ ಹೊಲಿದೆ. ಒಂದು ವಾರ ಅಚ್ಚುಕಟ್ಟಾಗಿ ಕೂತಿತ್ತು. ಒಗೆದು ಒಣಗಿಸಿ ಮತ್ತೆ ಹಾಕಿದರೆ ಉದ್ದದಲ್ಲಿ 4 ಇಂಚು ಕಮ್ಮಿ! ಎಳೆದು ಎಳೆದು ಹೇಗೋ ನಾಲ್ಕೂ ಮೂಲೆ ಸಿಕ್ಕಿಸಿದೆ. ಬೆಳಿಗ್ಗೆ ನೋಡಿದರೆ ಹಾಸಿಗೆಯೇ ದೋಣಿಯ ಹಾಗೆ ತಲೆ ಎತ್ತಿ ಕೂತಿತ್ತು. ಕಾಟನ್ ನೂರಕ್ಕೆ 3ರಿಂದ 5 ಇಂಚು ಎಳೆದುಕೊಳ್ಳುವುದು ಸಾಮಾನ್ಯ. ಬೀರುವಿನ ಶೀಟು ಒಗೆದು ಬಳಸಿದ್ದಾದರೆ ಈ ಭಯ ಇಲ್ಲ, ಅದು ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ.

ಬಟ್ಟೆಯನ್ನು ಲೆಕ್ಕದ ಅಳತೆಗೆ ಕತ್ತರಿಸಿಕೊಂಡಿರಾ? ಇನ್ನು ಮೂಲೆ. ಮೂಲೆಯಿಂದ ಚೌಕ ಕತ್ತರಿಸಿ ಆಮೇಲೆ ಹೊಲಿಯಿರಿ ಅಂತ ಹೆಚ್ಚಿನವರು ಹೇಳಿಕೊಡುತ್ತಾರೆ. ನಾನು ಉಲ್ಟಾ ಮಾಡುತ್ತೇನೆ, ಮೊದಲು ಹೊಲಿಗೆ, ಆಮೇಲೆ ಕತ್ತರಿ. ಬಟ್ಟೆಯ ಒಳಮೈ ಮೇಲೆ ಬರುವಂತೆ ಮೂಲೆಯನ್ನು ಓರೆಯಾಗಿ ಮಡಚಿ. ಎರಡು ಅಂಚೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ತುದಿಯಿಂದ ಅಂಚಿನುದ್ದಕ್ಕೂ, ಲೆಕ್ಕದಲ್ಲಿ ಒಂದು ಬದಿಗೆ ಬಂದಷ್ಟು, ನಮ್ಮದಕ್ಕೆ 11 ಇಂಚು, ಅಳೆದು ಗುರುತು ಹಾಕಿ. ಅಲ್ಲಿಂದ ಮಡಿಕೆಯವರೆಗೆ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆಯಿರಿ. ಗೆರೆ ಅಂಚಿಗೆ ಲಂಬಕೋನವಾಗಿರಲಿ. ಗೆರೆಯ ಮೇಲೆ ಹೊಲಿಯಿರಿ. 14ನೇ ನಂಬರ್ ಸೂಜಿ ಸಾಕು. ನಾಲ್ಕೂ ಮೂಲೆ ಹೊಲಿದು, ಕತ್ತರಿಸದೆ, ಹಾಸಿಗೆಗೆ ಹಾಕಿ ನೋಡಿ. ಬಿಗಿಯೋ ಸಡಿಲವೋ ಅಲ್ಲೇ ಗೊತ್ತಾಗುತ್ತದೆ. ಸರಿಯಾಗದಿದ್ದರೆ ಬಿಚ್ಚಿದರಾಯಿತು. ಕತ್ತರಿಸಿದ್ದನ್ನು ಬಿಚ್ಚುವುದು ಹೇಗೆ? ಸರಿ ಕೂತ ಮೇಲೆ ಹೊಲಿಗೆಯಿಂದ ಅರ್ಧ ಇಂಚು ಬಿಟ್ಟು ಮೂಲೆ ತೆಗೆದು, ಎಳೆ ಬಿಚ್ಚದ ಹಾಗೆ ಜಿಗ್‌ಜಾಗ್ ಹಾಕಿಸಿ.

ಕೆಳಗಿನ ಅಂಚನ್ನು ಮೊದಲು ಕಾಲು ಇಂಚು, ಆಮೇಲೆ ಮುಕ್ಕಾಲು ಇಂಚು ಮಡಚಿ ಸುತ್ತಲೂ ಹೊಲಿಯಿರಿ. ಎರಡು ಇಂಚು ಬಾಯಿ ಬಿಡಿ. ಅರ್ಧ ಇಂಚಿನ ಎಲಾಸ್ಟಿಕ್ 5 ಮೀಟರ್ ತಗೊಂಡು, ತುದಿಗೆ ಪಿನ್ನು ಸಿಕ್ಕಿಸಿ, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಪೋಣಿಸಿ. ಇನ್ನೊಂದು ತುದಿಯನ್ನು ಬಾಯಿಯ ಹತ್ತಿರ ಪಿನ್ನು ಹಾಕಿ ಹಿಡಿಸಿಡಿ. ಇಲ್ಲದಿದ್ದರೆ ಅದು ಒಳಗೆ ಓಡಿಹೋಗುತ್ತದೆ, ನೀವು ಮೊದಲಿಂದ ಶುರು ಮಾಡಬೇಕು. ಎಲಾಸ್ಟಿಕ್‌ನ ಎರಡೂ ತುದಿ ಸೇರಿಸಿ ಹೊಲಿದು, ಬಾಯಿಯನ್ನು ಕೈಹೊಲಿಗೆಯಲ್ಲಿ ಸುಮ್ನೆ ನಾಲ್ಕು ಹೊಲಿಗೆ ಹಾಕಿ ಮುಚ್ಚಿ. ಟೆರೇಸಿನ ಬಿಸಿಲಿಗೆ ಎಲಾಸ್ಟಿಕ್ ಇಂದಲ್ಲ ನಾಳೆ ಸತ್ತೇ ಸಾಯುತ್ತದೆ. ಆಗ ಬಿಚ್ಚಿ ಹೊಸದು ಹಾಕಬಹುದು.

ಒಂದು ಶೀಟಿಗೆ ನಾನು ಎಲಾಸ್ಟಿಕ್ ಬದಲು ಲಾಡಿಯನ್ನೇ ಹಾಕಿದ್ದೇನೆ, ಏಳೂವರೆ ಮೀಟರ್. ಕಾಲು ಕಡೆ ಎಳೆದು ಗಂಟು ಹಾಕಿ ಅಡಿಗೆ ತುರುಕುವುದು. ಹಾಕುವಾಗ ಒಬ್ಬರು ಹಾಸಿಗೆ ಎತ್ತಬೇಕು, ಅದೊಂದು ಕಷ್ಟ. ಆದರೆ ಎಷ್ಟು ಬಿಸಿಲಿಗೆ ಹಾಕಿದರೂ ಅದಕ್ಕೆ ಏನೂ ಆಗುವುದಿಲ್ಲ. ನಮ್ಮತ್ತೆ ಅದನ್ನು ನೋಡಿ "ಏನೇ ಇದು, ಹಾಸಿಗೆಗೂ ಲಂಗ ಉಡಿಸಿದೀಯಲ್ಲೇ" ಅಂತ ನಕ್ಕರು. ಈಗ ತಮ್ಮ ಮಂಚಕ್ಕೂ ಒಂದು ಬೇಕಂತೆ.

ದುಡ್ಡು ಉಳಿಯುತ್ತಾ ಅಂತಲೂ ಕೇಳುತ್ತಾರೆ. ಹೊಸ ಬಟ್ಟೆ ತಂದರೆ ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ. ಅಂಗಡಿಯ ಅಳತೆ ನಿಮ್ಮ ಹಾಸಿಗೆಗೆ ಸರಿ ಹೊಂದಿದರೆ ಸುಮ್ನೆ ಕೊಂಡುಬಿಡಿ.

ಕತ್ತರಿಸಿದ ನಾಲ್ಕು ಮೂಲೆಗಳನ್ನು ಎಸೆಯಬೇಡಿ. ಬಿಡಿಸಿದರೆ ಹತ್ತೂವರೆ ಇಂಚಿನ ಚೌಕಗಳು. ಎರಡೆರಡು ಸೇರಿಸಿ ಹೊಲಿದರೆ ಪಾತ್ರೆ ಇಳಿಸಲು ಎರಡು ಮಸಿಬಟ್ಟೆ. ಆ ಹಾಳಾದ ನೀಲಿ ಹೂವಿನ ಶೀಟಿನದು ಇನ್ನೂ ನಮ್ಮ ಒಲೆ ಪಕ್ಕದಲ್ಲೇ ಇದೆ.